ವಿಮಲಮ್ಮನವರ ಪೀಚ್ ಕಾಬ್ಲರ್

ನನ್ನ ಅತ್ತೆ ವಿಮಲಮ್ಮನವರಷ್ಟು ಹೆದರುವ ಹೆಂಗಸನ್ನು ನಾನು ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನೋಡಿಲ್ಲ. ಗ್ಯಾಸ್ ಸಿಲಿಂಡರಿಗೆ ಹೆದರುತ್ತಾರೆ, ಮುಚ್ಚಳವಿಲ್ಲದ ಪಾತ್ರೆಗೆ ಹೆದರುತ್ತಾರೆ, ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಸಾರಿಗೆ ಹೆದರುತ್ತಾರೆ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅಡುಗೆಮನೆಯ ಗೋಡೆಗೆಲ್ಲ ಟಾರ್ಚ್ ಬಿಟ್ಟು ಹಲ್ಲಿ ಎಲ್ಲೆಲ್ಲಿವೆ ಎಂದು ನೋಡುತ್ತಾರೆ. ಗೋಪಾಳದ ನಮ್ಮ ಮನೆಯಲ್ಲಿ ಹಲ್ಲಿಗಳಿಗೂ ಹಾಜರಿ ಉಂಟು. ಮದುವೆಯಾದ ಮೊದಲ ವರ್ಷ ಇದನ್ನೆಲ್ಲ ಕಂಡು ನನಗೆ ನಗು ಬರುತ್ತಿತ್ತು, ಎರಡನೇ ವರ್ಷದಿಂದ ಸಿಟ್ಟು ಬರತೊಡಗಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನೆಹರೂ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ದಿನಕ್ಕೆ ನಲವತ್ತು ಜನರಿಗೆ ‘ಈಗ ಕಾಣ್ತಾ? ಈಗ ಕಾಣ್ತಾ?’ ಎಂದು ಕೇಳಿ ಕೇಳಿ ಇದ್ದಬದ್ದ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ತರಲು ಏನೂ ಉಳಿದಿರುವುದಿಲ್ಲ.

ಅತ್ತೆಯ ಹೆದರಿಕೆ ಶುರುವಾದದ್ದು ಶಂಕರಘಟ್ಟದಲ್ಲಿ. ಮಾವ ಸಿದ್ದಯ್ಯನವರು ಭದ್ರಾವತಿಯ ಕಾರ್ಖಾನೆಯಲ್ಲಿದ್ದರು. ಅಲ್ಲಿ ಕೆಲಸ ಕಡಿಮೆಯಾಗುತ್ತ ಬಂದಾಗ ಅತ್ತೆ ಯೂನಿವರ್ಸಿಟಿ ಹತ್ತಿರದ ಒಂದು ಖಾಸಗಿ ಲೇಡೀಸ್ ಹಾಸ್ಟೆಲಿಗೆ ಅಡುಗೆಗೆ ಸೇರಿದರು. ಕ್ವಾರ್ಟರ್ಸಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ಇಪ್ಪತ್ನಾಲ್ಕು ವರ್ಷ, ನೂರಾ ನಲವತ್ತು ಹುಡುಗಿಯರಿಗೆ. ಸೇರಿದ ಎರಡನೇ ವರ್ಷ ಬೇರೆ ಯಾವುದೋ ಊರಿನ ಹಾಸ್ಟೆಲಿನಲ್ಲಿ ಸಾಂಬಾರಿಗೆ ಹಲ್ಲಿ ಬಿದ್ದು ಮಕ್ಕಳನ್ನೆಲ್ಲ ಆಸ್ಪತ್ರೆಗೆ ಸಾಗಿಸಿದರಂತೆ. ಆ ಸುದ್ದಿ ಪೇಪರಿನಲ್ಲಿ ಬಂದ ದಿನದಿಂದ ಇವರು ಒಂದು ಕ್ರಮ ಹಿಡಿದರು. ಅಡುಗೆ ಇಳಿಸಿದ ಮೇಲೆ ಎಲ್ಲದರಲ್ಲೂ ಒಂದೊಂದು ಸೌಟು ತಾವು ತಿನ್ನುವುದು, ಆಮೇಲೆ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು, ತಮಗೇನೂ ಆಗಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಊಟದ ಬೆಲ್ಲು ಹೊಡೆಯುವುದು. ಹುಡುಗಿಯರು ತಟ್ಟೆ ಬಡಿದರೂ ಸರಿ, ವಾರ್ಡನ್ ಬೈದರೂ ಸರಿ.

“ಹೆತ್ತೋರು ನಮ್ಮನ್ನ ನಂಬಿ ಬಿಟ್ಟೋಗಿರ್ತಾರೆ ಕಣೆ. ಊಟ ತಣ್ಣಗಾದ್ರೆ ಯಾರೂ ಸಾಯಲ್ಲ,” ಎನ್ನುತ್ತಿದ್ದರು. ಇಪ್ಪತ್ನಾಲ್ಕು ವರ್ಷದಲ್ಲಿ ಅವರ ಕೈಯೂಟ ತಿಂದು ಒಬ್ಬ ಹುಡುಗಿಗೂ ಹೊಟ್ಟೆನೋವು ಬಂದದ್ದಿಲ್ಲ. ಅವರ ಜಂಬವೆಲ್ಲ ಅದೊಂದೇ.

ಇನ್ನೊಂದು ಸ್ವಭಾವವನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಏನನ್ನೂ ಎಸೆಯುವವರಲ್ಲ ಈಕೆ. ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿಭಾಗ ದೋಸೆಗೆ, ಹಲಸಿನ ಬೀಜ ಸಾರಿಗೆ. ಮಾವಿನಹಣ್ಣು ತಿಂದು ಗೊರಟನ್ನು ಕಸದ ಬುಟ್ಟಿಗೆ ಹಾಕಿದರೆ ಅದನ್ನು ಹೆಕ್ಕಿ ತೊಳೆದು, ಒಣಗಿಸಿ, ಒಡೆದು, ಒಳಗಿನ ಬೀಜ ಅರೆದು ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡುವ ಪೈಕಿ. ಹಾಸ್ಟೆಲಿನ ಹುಡುಗಿಯರು ಹಿಂದಿನಿಂದ ‘ಸಿಪ್ಪೆ ವಿಮಲಮ್ಮ’ ಎನ್ನುತ್ತಿದ್ದರಂತೆ. ಅದನ್ನು ಅವರೇ ನಗುತ್ತ ನನಗೆ ಹೇಳಿದ್ದರು.

ಎರಡು ವರ್ಷದ ಹಿಂದೆ ನನಗೆ ನಾಲ್ಕನೇ ತಿಂಗಳಲ್ಲಿ ಬಸಿರು ಇಳಿದುಹೋಯಿತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದರೆ ಅತ್ತೆ ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ತೆಗೆದು ನೋಡುತ್ತಿದ್ದರು. ನಾಗರಪಂಚಮಿಗೆ ಎಳ್ಳಿನ ಚಿಗಳಿ ಕೊಟ್ಟಿದ್ದೆನಲ್ಲ, ಅದರಿಂದಲಾ? ಅಥವಾ ಆ ನುಗ್ಗೆಸೊಪ್ಪಿನ ಪಲ್ಯದಿಂದಲಾ? ಡಾಕ್ಟರನ್ನು ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇವರು ಯಾರೂ ಕಳ್ಳ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುವವರು ಎಂದು ನನ್ನ ಗಂಡ ಲೋಹಿತ್ ಹೇಳಿದ. ಆ ಹಬ್ಬದ ನಂತರ ನಮ್ಮ ಮನೆಗೆ ಎಳ್ಳು ಬಂದಿಲ್ಲ.

ಹೋದ ವರ್ಷದ ಕೊನೆಗೆ ಮತ್ತೆ ಬಸಿರು ನಿಂತಿತು. ಜೂನ್ ಹೊತ್ತಿಗೆ ಏಳು ತಿಂಗಳು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅತ್ತೆ ನನ್ನನ್ನು ನೋಡಿಕೊಳ್ಳುತ್ತಿದ್ದ ರೀತಿ ಹೇಗಿತ್ತೆಂದರೆ, ನಾನು ಕೆಮ್ಮಿದರೆ ಅವರು ಸೌಟು ಹಿಡಿದೇ ಓಡಿ ಬರುತ್ತಿದ್ದರು. ಮಾಡಿದ್ದೆಲ್ಲವನ್ನೂ ಮೊದಲು ತಾವು ತಿಂದು, ಗಡಿಯಾರ ನೋಡಿ, ಆಮೇಲೆ ನನಗೆ. ಹಾಸ್ಟೆಲಿನ ಇಪ್ಪತ್ತು ನಿಮಿಷ ನನ್ನ ಪಾಲಿಗೆ ಅರ್ಧ ಗಂಟೆಯಾಗಿತ್ತು. ಬಿಸಿ ದೋಸೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಒಂದು ಶನಿವಾರ ಮೊಬೈಲಿನಲ್ಲಿ ಏನೋ ನೋಡುತ್ತಿದ್ದವಳು, ಬಾಯಿ ಸುಮ್ಮನಿರಬೇಕಲ್ಲ, “ಅತ್ತೆ, ಇದನ್ನ ನೋಡಿ. ಪೀಚ್ ಕಾಬ್ಲರ್ ಅಂತೆ. ಬಾಯಲ್ಲಿ ನೀರು ಬರ್ತಿದೆ,” ಎಂದುಬಿಟ್ಟೆ. ತುಪ್ಪದಲ್ಲೋ ಬೆಣ್ಣೆಯಲ್ಲೋ ತೇಲುವ ಹಿಟ್ಟು, ಮೇಲೆ ಕೇಸರಿ ಬಣ್ಣದ ಹಣ್ಣಿನ ಹೋಳು, ಬೆಂದಂತೆ ಹಿಟ್ಟು ಉಬ್ಬಿ ಹಣ್ಣನ್ನು ಮುಚ್ಚಿಕೊಳ್ಳುತ್ತದೆ. ಚಮಚ ಹಾಕಿದರೆ ಕೆಳಗಿನಿಂದ ಪಾಕ ಬುಳಬುಳನೆ ಮೇಲೆ ಬರುತ್ತದೆ. ಅತ್ತೆ ಕನ್ನಡಕ ಏರಿಸಿಕೊಂಡು ಮೂರು ಸಲ ನೋಡಿದರು.

“ಬಯಕೆನಾ ಇದು?”

“ಹಂಗೇನಿಲ್ಲ, ಸುಮ್ನೆ ಹೇಳ್ದೆ.”

“ಬಾಯಲ್ಲಿ ನೀರು ಬಂತು ಅಂದ್ಯಲ್ಲ. ಬಂದ್ಮೇಲೆ ಬಯಕೆನೇ. ತೀರಿಸ್ದೆ ಬಿಟ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ ಮಾರಾಯ್ತಿ, ಹುಡುಗಾಟನಾ?”

ಮರುದಿನ ಭಾನುವಾರ. ಬೆಳಿಗ್ಗೆ ಎಂಟಕ್ಕೇ ಬಸ್ಸು ಹತ್ತಿ ಗಾಂಧಿ ಬಜಾರಿಗೆ ಹೋದವರು ಹತ್ತು ಗಂಟೆಗೆ ಎರಡು ಕಿಲೋ ಪೀಚ್ ಹಣ್ಣು ಹಿಡಿದು ಬಂದರು. ಮೇಲೆ ಸಣ್ಣ ರೋಮವಿರುವ, ಮಗುವಿನ ಕೆನ್ನೆಯ ಹಾಗಿನ ಚಿಕ್ಕ ಚಿಕ್ಕ ಹಣ್ಣು, ಎಣಿಸಿದರೆ ಇಪ್ಪತ್ನಾಲ್ಕು ಇದ್ದವು. ಅಷ್ಟೊಂದು ಯಾಕೆ ಅಂದರೆ, ಬಸುರಿ ಹೆಂಗಸಿನ ಬಯಕೆಗೆ ಎಣಿಸಿ ತರುತ್ತಾರಾ, ಉಳಿದದ್ದಕ್ಕೆ ಗೊಜ್ಜು ಮಾಡುತ್ತೇನೆ ಅಂದರು. ನಾನು ಫೋನ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಓದುತ್ತ ಹೋದೆ. ಒಂದು ಲೋಟ ಮೈದಾ, ಒಂದು ಲೋಟ ಸಕ್ಕರೆ, ಒಂದು ಲೋಟ ಹಾಲು, ಬೇಕಿಂಗ್ ಪೌಡರ್ ಎರಡು ಚಮಚ, ಚಿಟಿಕೆ ಉಪ್ಪು. ಮೊಟ್ಟೆ ಬೇಡ ಎಂದು ಕೇಳಿ ಅವರಿಗೆ ಸಮಾಧಾನವಾಯಿತು. ಹಣ್ಣನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಹೋಳು ಮಾಡಿ, ಸಕ್ಕರೆ ಚಕ್ಕೆಪುಡಿ ಸೇರಿಸಿ ಒಂದು ಕುದಿ ಕುದಿಸಿದರು. ಪಾತ್ರೆಗೆ ಬೆಣ್ಣೆಯ ಬದಲು ತುಪ್ಪ ಬಿಟ್ಟರು. ಹಿಟ್ಟು ಸುರಿದು ಮೇಲೆ ಹಣ್ಣು ಇಡಬೇಕು, ಕಲಸಬಾರದು ಎಂದೆ. ಕಲಸದೆ ಹೇಗೆ ಅಡುಗೆಯಾಗುತ್ತದೆ ಎಂದು ಅವರಿಗೆ ಸೌಟು ಹಿಡಿದ ಕೈ ತುರಿಸುತ್ತಿತ್ತು.

ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಎರಡು ಬೊಗಸೆ ಉಪ್ಪು ಹರಡಿ, ಗ್ಯಾಸ್ಕೆಟ್ಟು ವಿಷಲ್ಲು ಎರಡನ್ನೂ ತೆಗೆದು ಒಳಗೆ ಪಾತ್ರೆ ಇಟ್ಟರೆ ಅದೇ ಓವನ್. ಹಿಟ್ಟು ಸುರಿಯುವ ಮೊದಲು ಅದು ಹತ್ತು ನಿಮಿಷ ಖಾಲಿ ಕಾಯಬೇಕು. ನೀರಿಲ್ಲದ ಕುಕ್ಕರನ್ನು ಒಲೆ ಮೇಲೆ ಇಡು ಅಂದದ್ದಕ್ಕೆ ಅತ್ತೆಯ ಮುಖ ಬಿಳಿಚಿಕೊಂಡಿತು. “ಸಿಡಿದ್ರೆ?” “ಸಿಡಿಯೋಕೆ ಒಳಗೆ ಹಬೆನೇ ಇಲ್ವಲ್ಲ ಅತ್ತೆ!” “ಹಂಗಂತ ಅದಕ್ಕೆ ಗೊತ್ತಿರುತ್ತಾ?” ನನ್ನನ್ನು ನಡುಮನೆಗೆ ಓಡಿಸಿ, ತಾವು ಅಡುಗೆಮನೆಯ ಬಾಗಿಲ ಹಿಂದೆ ಅರ್ಧ ಅವಿತುಕೊಂಡು ಉರಿ ಸಣ್ಣ ಮಾಡಿದರು. ನಾನು ಸೋಫಾದ ಮೇಲೆ ಒರಗಿ ನಗುತ್ತಿದ್ದೆ. ಒಳಗಿನಿಂದ ಟಕ್ ಟಕ್ ಎಂದು ಏನನ್ನೋ ಕುಟ್ಟುವ ಸದ್ದು, ಆಮೇಲೆ ಅರೆಯುವ ಸದ್ದು ಕೇಳಿದ್ದು ನೆನಪಿದೆ. ಏಲಕ್ಕಿ ಇರಬೇಕು ಅಂದುಕೊಂಡೆ.

ಮುಕ್ಕಾಲು ಗಂಟೆಗೆ ಮನೆಯೆಲ್ಲ ಘಮಘಮ. ಹೊಂಬಣ್ಣ ಬಂದ ಕಾಬ್ಲರನ್ನು ಬಟ್ಟಲಿಗೆ ಹಾಕಿದ ಅತ್ತೆ ಅಭ್ಯಾಸದಂತೆ ಚಮಚವನ್ನು ತಮ್ಮ ಬಾಯಿಯವರೆಗೂ ಒಯ್ದು ಅಲ್ಲೇ ನಿಲ್ಲಿಸಿದರು. ಬಯಕೆಯ ತಿಂಡಿಯನ್ನು ಬಸುರಿಗಿಂತ ಮೊದಲು ಬೇರೆಯವರು ಎಂಜಲು ಮಾಡಬಾರದು ಎಂಬುದು ಅವರ ತವರಿನ ಕಡೆಯ ಶಾಸ್ತ್ರ. ಅವರು ಎರಡು ಸಲ ಚಮಚ ಎತ್ತಿದರು, ಎರಡು ಸಲ ಇಳಿಸಿದರು. ಕೊನೆಗೆ ಬಟ್ಟಲನ್ನು ನನ್ನ ಕೈಗಿಟ್ಟರು. ನಾನು ತಿನ್ನುತ್ತಿದ್ದರೆ ಎದುರಿಗೆ ಕೂತು ಗಡಿಯಾರ ನೋಡುತ್ತಿದ್ದರು.

ಎಂಥ ರುಚಿ ಅಂತೀರಿ! ಮೇಲೆ ಗರಿಗರಿ, ಒಳಗೆ ಮೆತ್ತಗೆ, ಹುಳಿಸಿಹಿ ಹಣ್ಣು, ನಡುವೆ ಬಾದಾಮಿಯ ಪರಿಮಳ. ಎಲ್ಲೋ ಒಂದೊಂದು ಕಡೆ ಚೂರು ಕಹಿ. ಎರಡು ಬಟ್ಟಲು ತಿಂದೆ. “ಬಾದಾಮಿ ಹಾಕಿದ್ದು ಸೂಪರ್ ಅತ್ತೆ,” ಅಂದೆ.

ಅತ್ತೆಯ ಮುಖ ಅರಳಿತು. “ಬಾದಾಮಿ ಅಲ್ಲ ಕಣೆ. ಆ ಹಣ್ಣಿನ ಗೊರಟು ಒಡೆದ್ರೆ ಒಳಗೆ ಥೇಟ್ ಬಾದಾಮಿ ಹಂಗೇ ಬೀಜ. ವಾಸನೆನೂ ಅದೇ! ಎಂಟು ಬೀಜ ಅರೆದು ಹಿಟ್ಟಿಗೆ ಹಾಕ್ದೆ. ಗೊಜ್ಜಿನ ಹಣ್ಣಿಂದು ಇನ್ನೂ ಹದಿನಾರು ಅರೆದಿಟ್ಟಿದೀನಿ, ನಾಳೆ ತಂಬುಳಿಗೆ.”

ಸಿಪ್ಪೆ ವಿಮಲಮ್ಮ ಬಿಡುತ್ತಾರಾ ಎಂದು ನಕ್ಕು, ಫೋಟೋ ತೆಗೆದು ವಿದ್ಯಾಶ್ರೀಗೆ ಕಳಿಸಿದೆ. ಅವಳು ಭದ್ರಾವತಿಯಲ್ಲಿ ನನ್ನ ಜೊತೆ ಶಾಲೆಗೆ ಹೋದವಳು, ತೋಟಗಾರಿಕೆ ಓದಿ ಈಗ ನವುಲೆಯ ಕಾಲೇಜಿನಲ್ಲಿ ಕೆಲಸ ಮಾಡುತ್ತಾಳೆ. ಗೊರಟಿನ ಬೀಜದ ವಿಷಯವನ್ನೂ ಬರೆದಿದ್ದೆ, ನಮ್ಮತ್ತೆಯ ಬುದ್ಧಿವಂತಿಕೆ ನೋಡು ಎಂದು. ಒಂದೇ ನಿಮಿಷಕ್ಕೆ ಅವಳ ಕರೆ ಬಂತು. ಕೈಗೆ ಪಾಕ ಅಂಟಿದ್ದರಿಂದ ಸ್ಪೀಕರಿಗೆ ಹಾಕಿದೆ. ಹಾಕಬಾರದಿತ್ತು.

“ಸುಮನಾ, ಆ ಬೀಜ ತಿಂದ್ಯಾ? ತಮಾಷೆ ಮಾಡ್ಬೇಡ, ಹೇಳು.”

“ತಿಂದೆ. ಯಾಕೆ?”

“ಎಷ್ಟು? ಯಾವಾಗ?” ಉತ್ತರಕ್ಕೂ ಕಾಯದೆ ಮುಂದುವರಿಸಿದಳು. “ಪೀಚ್ ಬೀಜದಲ್ಲಿ ವಿಷ ಇರುತ್ತೆ ಕಣೆ. ಹೊಟ್ಟೆಗೆ ಹೋದ್ರೆ ಸಯನೈಡ್ ಆಗುತ್ತೆ. ಮಾವಿನ ಗೊರಟಿನ ಹಂಗಲ್ಲ ಅದು. ಸುಮ್ನೆ ಕೂರ್ಬೇಡ ಮಾರಾಯ್ತಿ, ಈಗ್ಲೇ ಆಸ್ಪತ್ರೆಗೆ ಹೊರಡು. ನಾನೂ ಬರ್ತೀನಿ.”

ಸಯನೈಡ್. ಅದು ಟಿವಿಯಲ್ಲಿ ಕೊಲೆಯ ಸುದ್ದಿ ಹೇಳುವಾಗ ಬರುವ ಪದ. ಅದು ನನ್ನ ಹೊಟ್ಟೆಯಲ್ಲಿ, ನನ್ನ ಮಗುವಿನ ಪಕ್ಕದಲ್ಲಿ ಇದೆ ಎಂದರೆ ಹೇಗೆ ಅರ್ಥ ಮಾಡಿಕೊಳ್ಳುವುದು? ಅಷ್ಟು ಹೊತ್ತು ರುಚಿಯಾಗಿದ್ದ ನಾಲಿಗೆ ಒಮ್ಮೆಲೇ ಕಹಿಯಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟೆ. ದಿನವೂ ಊಟವಾದ ಮೇಲೆ ಒದೆಯುವ ಮಗು ಅವತ್ತು ಒದೆಯಲಿಲ್ಲ. ಆ ಕಡೆ ಹೊರಳಿದೆ, ಈ ಕಡೆ ಹೊರಳಿದೆ, ಬೆರಳಿನಿಂದ ತಟ್ಟಿದೆ. ಒಳಗೆ ಏನೂ ಅಲುಗಲಿಲ್ಲ. ಅಯ್ಯೋ ದೇವರೇ, ಮತ್ತೊಂದು ಸಲ ಬೇಡ, ಇದೊಂದನ್ನು ಬಿಡು, ನನ್ನ ಪ್ರಾಣ ಬೇಕಾದರೆ ತಗೋ ಎಂದು ಬಾಯಿಬಿಟ್ಟೇ ಕೂಗಿದೆ.

ಅತ್ತೆ ಎದ್ದು ನಿಂತಿದ್ದರು. “ವಿಷ ಅಂದ್ಲಾ ಅವ್ಳು? ನಾನು ವಿಷ ಹಾಕಿದ್ನಾ?” ಎಂದು ನನ್ನನ್ನೇ ಕೇಳಿದರು.

“ಮತ್ತೆ ಹಾಕಿದ್ರಲ್ಲ ಅತ್ತೆ!” ಎಂದು ಕಿರುಚಿದೆ. ಎಷ್ಟು ಜೋರಾಗಿ ಕಿರುಚಿದೆ ಎಂದರೆ ಎದುರುಮನೆಯ ಪರಶುರಾಮ ಊಟದ ಕೈಯಲ್ಲೇ ಹೊರಗೆ ಬಂದ. ಅವನದ್ದು ಸ್ವಂತ ಆಟೋ. ನನ್ನ ಮುಖ ನೋಡಿ ಏನನ್ನೂ ಕೇಳದೆ ಆಟೋ ಸ್ಟಾರ್ಟ್ ಮಾಡಿದ. ಲೋಹಿತ್ ಭದ್ರಾವತಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅವತ್ತು ಡ್ಯೂಟಿಯಲ್ಲಿದ್ದ. ಫೋನ್ ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ.

ಅತ್ತೆ “ಡಾಕ್ಟ್ರಿಗೆ ತೋರ್ಸೋಕೆ ಬೇಕಾಗುತ್ತೆ, ತರ್ತೀನಿ” ಎಂದು ಅಡುಗೆಮನೆಗೆ ಹೋದರು. ನಾನು ಆಟೋದಲ್ಲಿ ಕೂತು “ಬನ್ನಿ ಅತ್ತೆ, ಬೇಗ ಬನ್ನಿ” ಎಂದು ಅಳುತ್ತಿದ್ದೆ. ಬಂದಾಗ ಅವರ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಅವರೂ ಅಳುತ್ತಿದ್ದಾರೆ ಅಂದುಕೊಂಡೆ.

ಗೋಪಾಳದಿಂದ ಆಸ್ಪತ್ರೆಗೆ ಹೆಚ್ಚೆಂದರೆ ಹದಿನೈದು ನಿಮಿಷ. ಅವತ್ತು ಆ ದಾರಿ ಮುಗಿಯಲೇ ಇಲ್ಲ. ಒಂದು ಕಡೆ ಲಾರಿ ಅಡ್ಡ, ಇನ್ನೊಂದು ಕಡೆ ಮದುವೆಯ ಮೆರವಣಿಗೆ. ಪರಶುರಾಮ ಕತ್ತು ಹೊರಗೆ ಹಾಕಿ “ಬಸುರಿ ಇದಾರೆ, ಸರ್ಕೊಳ್ರೋ!” ಎಂದು ಕೂಗುತ್ತ ಹೋದ. ಎದೆ ಡವಡವ ಹೊಡೆದುಕೊಂಡರೆ ಇದು ವಿಷವೇ ಅನ್ನಿಸುತ್ತಿತ್ತು. ಉಸಿರು ಬಿಗಿದರೆ ಮುಗಿಯಿತು ಅನ್ನಿಸುತ್ತಿತ್ತು. ಪಕ್ಕದಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದು ಬಿಟ್ಟೂ ಬಿಡದೆ ಕೇಳುತ್ತಿದ್ದರು.

“ತಲೆ ಸುತ್ತುತ್ತಾ?”

“ಇಲ್ಲ.”

“ಬಾಯಿ ಜೋಮು ಹಿಡೀತಾ? ವಾಂತಿ ಬರೋ ಹಂಗಿದ್ಯಾ?”

“ಇಲ್ಲ ಅತ್ತೆ, ಇಲ್ಲ! ಸುಮ್ನಿರಿ ಸ್ವಲ್ಪ!”

“ಪರಶುರಾಮ, ಟೈಮ್ ಎಷ್ಟಪ್ಪ?” ಎಂದು ಅವನನ್ನು ಕೇಳಿದರು. ಎರಡೂ ಐದು ಎಂದ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿದರು. ಪ್ರಾಣ ಹೋಗುವ ಹೊತ್ತಿನಲ್ಲಿ ಈ ಮುದುಕಿಗೆ ಗಡಿಯಾರದ ಚಿಂತೆ ಎಂದು ನನಗೆ ಮೈಯೆಲ್ಲ ಉರಿಯಿತು. ಕೈ ಕೊಸರಿಕೊಂಡು ಆ ಕಡೆ ತಿರುಗಿ ಕೂತೆ.

ತುರ್ತು ವಿಭಾಗದಲ್ಲಿದ್ದದ್ದು ಲಿಖಿತಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಅಷ್ಟರಲ್ಲಿ ವಿದ್ಯಾಶ್ರೀಯೂ ಸ್ಕೂಟರಿನಲ್ಲಿ ಬಂದು ತಲುಪಿದ್ದಳು, ವಿಷಯವೆಲ್ಲ ಅವಳೇ ಹೇಳಿದಳು. ನಾನು ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ ಮಾತು, “ಮಗು ಅಲುಗ್ತಿಲ್ಲ ಡಾಕ್ಟ್ರೇ.” ಅವರು ನನ್ನನ್ನು ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಯಂತ್ರದ ತುದಿ ಇಟ್ಟು ಹುಡುಕಿದರು. ಬರೀ ಗೊರಗೊರ ಸದ್ದು. ಇನ್ನೊಂದು ಕಡೆ ಇಟ್ಟರು. ಗೊರಗೊರ. ಹಿಂದಿನ ಸಲವೂ ಹೀಗೇ ಹುಡುಕಿದ್ದರು, ಹುಡುಕುತ್ತಲೇ ಇದ್ದು, ಕೊನೆಗೆ ಯಂತ್ರ ಎತ್ತಿಟ್ಟು ನನ್ನ ಗಂಡನನ್ನು ಹೊರಗೆ ಕರೆದಿದ್ದರು. ನಾನು ಕಣ್ಣು ಮುಚ್ಚಿ ವಿದ್ಯಾಶ್ರೀಯ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡೆ.

ಆಮೇಲೆ ಬಂತು. ಟಕಟಕ ಟಕಟಕ ಎಂದು, ಯಾರೋ ಅವಸರದಲ್ಲಿ ಓಡುತ್ತಿರುವ ಹಾಗೆ.

“ಹಾರ್ಟ್‌ಬೀಟ್ ಚೆನ್ನಾಗಿದೆ. ಮಲಗಿರ್ಬೇಕು ಮಹರಾಯ,” ಎಂದು ಡಾಕ್ಟರು ನಕ್ಕರು. ರಕ್ತ ತೆಗೆದುಕೊಂಡರು, ಬೆರಳಿಗೆ ಕ್ಲಿಪ್ ಹಾಕಿದರು, ಯಾರೋ ಹಿರಿಯ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು. ಬಂದು ಹೇಳಿದರು: ಅರೆದ ಬೀಜ ಮುಕ್ಕಾಲು ಗಂಟೆ ಬೆಂದಿದೆ, ಬೆಂದರೆ ವಿಷ ಸುಮಾರು ಹೋಗಿರುತ್ತದೆ, ನೀವು ತಿಂದದ್ದೂ ಎಂಟು ಬೀಜದ ಒಂದು ಪಾಲು ಮಾತ್ರ. ಸಂಜೆವರೆಗೆ ಇಲ್ಲೇ ಇರಿ, ನೋಡಿಕೊಳ್ಳುತ್ತೇವೆ, ಹೆದರುವಂಥದ್ದು ಕಾಣುತ್ತಿಲ್ಲ.

“ಹಸೀ ಬೀಜ ತಿಂದಿದ್ರೆ ಕಷ್ಟ ಆಗ್ತಿತ್ತು. ಇನ್ನೂ ಅರೆದಿಟ್ಟಿದ್ದಾರೆ ಅಂದ್ರಲ್ಲ, ಅದನ್ನ ತಂದಿದೀರಾ?” ಎಂದು ಕೇಳಿದರು.

ಅತ್ತೆ ಇಟ್ಟು ಹೊರಗೆ ಹೋಗಿದ್ದ ಸ್ಟೀಲ್ ಡಬ್ಬಿ ನನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿತ್ತು. ವಿದ್ಯಾಶ್ರೀ ಮುಚ್ಚಳ ತೆಗೆದಳು. ಒಳಗೆ ಬಿಳಿ ಬಿಳಿ ಏನೋ ಬಳಿದುಕೊಂಡಿತ್ತು, ಬೆರಳಿನಿಂದ ಬಳಿದು ತೆಗೆದ ಗೆರೆಗಳು ಕಾಣುತ್ತಿದ್ದವು. ಬಾದಾಮಿಯ ವಾಸನೆ ಗಪ್ಪೆಂದು ಬಂತು. ಡಬ್ಬಿ ಖಾಲಿಯಿತ್ತು.

ಸೆರಗಿನಿಂದ ಬಾಯಿ ಒರೆಸಿಕೊಂಡದ್ದು. ಟೈಮ್ ಎಷ್ಟಪ್ಪ ಎಂದದ್ದು. ನನಗೆ ಆಗ ಹೊಳೆಯಿತು. “ಅತ್ತೆ ಎಲ್ಲಿ? ಅತ್ತೆ ಎಲ್ಲಿ ವಿದ್ಯಾ?” ಎಂದು ಕೂಗುತ್ತ ಜೆಲ್ ಹಚ್ಚಿದ ಹೊಟ್ಟೆಯ ಮೇಲೆಯೇ ಸೀರೆ ಎಳೆದುಕೊಂಡು ಇಳಿದೆ. ಯಾರು ತಡೆದರೂ ನಿಲ್ಲಲಿಲ್ಲ.

ಅವರು ಹೊರಗೆ ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ಕೂತಿದ್ದರು. ಎದುರಿಗೆ ಗೋಡೆ ಗಡಿಯಾರವಿತ್ತು. ಕಾಲ ಬುಡದಲ್ಲಿ ವಾಂತಿ. ಮೈಯೆಲ್ಲ ಬೆವತು ಕುಪ್ಪಸ ಒದ್ದೆಯಾಗಿತ್ತು, ಉಸಿರು ಮೇಲುಸಿರಾಗಿತ್ತು. ಡಾಕ್ಟರನ್ನು ನೋಡಿ ಏಳಲು ಪ್ರಯತ್ನಿಸಿದರು, ಆಗಲಿಲ್ಲ.

“ಬರ್ಕೊಳ್ಳಿ ಡಾಕ್ಟ್ರೇ,” ಅಂದರು. ಮಾತು ತೊದಲುತ್ತಿತ್ತು. “ಒಂದೂ ಐವತ್ತಕ್ಕೆ ತಿಂದೆ. ಹದಿನಾರು ಬೀಜ. ಎರಡೂ ಹದಿನೈದಕ್ಕೆ ತಲೆನೋವು ಶುರುವಾಯ್ತು. ಎರಡೂವರೆಗೆ ವಾಂತಿ. ಈಗ ಕಣ್ಣು ಮಂಜು. ನನ್ ಸೊಸೆ ನನಗಿಂತ ಅರ್ಧ ಗಂಟೆ ಮುಂಚೆ ತಿಂದಿದಾಳೆ. ಅವಳಿಗೆ ಇನ್ನೇನೇನು ಆಗುತ್ತೆ ಅಂತ ಇದ್ರಲ್ಲಿ ನೋಡ್ಕೊಂಡು ಮದ್ದು ಕೊಡಿ.”

ಆ ಚಿಕ್ಕ ಡಾಕ್ಟರು ಒಳಗೆ ಕೂಗಿ ಹೇಳಿದರು. ಆಮೇಲೆ ಸ್ಟ್ರೆಚರ್ ಬಂತು, ನರ್ಸುಗಳು ಓಡಿದರು, ಬಾಗಿಲು ಮುಚ್ಚಿಕೊಂಡಿತು. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತೆ. ಒಂದು ಗಂಟೆಯ ಹಿಂದೆ ನನ್ನ ಪ್ರಾಣ ಬೇಕಾದರೆ ತಗೋ ಎಂದು ದೇವರಿಗೆ ಹೇಳಿದ್ದೆ. ದೇವರು ಬೇರೆಯವರ ಪ್ರಾಣ ಕೇಳುತ್ತಿದ್ದಾನೆ ಎಂದು ಭಯವಾಯಿತು. ಅಷ್ಟು ಭಯ ನನಗೆ ಆ ಮಧ್ಯಾಹ್ನ ನನ್ನ ಮಗುವಿಗಾಗಿ ಮಾತ್ರ ಆಗಿತ್ತು. ಈ ಹೆಂಗಸಿಗಾಗಿ ಆಗುತ್ತದೆ ಎಂದು ಗೊತ್ತಿರಲಿಲ್ಲ.

ನಾಲ್ಕು ಗಂಟೆಗೆ ಲೋಹಿತ್ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಬಂದ. ಏನಾಯ್ತು ಎಂದು ಕೇಳಿದ. ಹೇಳಿದೆ. ಅಮ್ಮ ಯಾಕೆ ತಿಂದಳು ಎಂದು ಕೇಳಿದ. ನಾನು ಮುಚ್ಚಿದ ಬಾಗಿಲ ಕಡೆ ತಿರುಗಿ ಕೂತೆ. ಐದೂವರೆಗೆ ಡಾಕ್ಟರು ಹೊರಗೆ ಬಂದು, ವಾಂತಿಯಾದದ್ದೇ ಒಳ್ಳೆಯದಾಯಿತು, ಔಷಧಿ ಹಿಡಿದಿದೆ, ಅಪಾಯ ದಾಟಿದೆ, ನಾಳೆಯವರೆಗೆ ಆಕ್ಸಿಜನ್ ಇರಲಿ ಎಂದರು. ಲೋಹಿತ್ ಔಷಧಿ ಚೀಟಿ ಹಿಡಿದು ಹೋದ. ನಾನು ಒಳಗೆ ಹೋಗಿ ಅವರ ಪಕ್ಕ ಕೂತೆ.

ಅತ್ತೆ ಕಣ್ಣು ತೆರೆದು ಮೊದಲು ನನ್ನ ಹೊಟ್ಟೆ ನೋಡಿದರು.

“ಏನಾಗಿಲ್ಲ ಅತ್ತೆ. ನಂಗೂ ಏನಾಗಿಲ್ಲ, ಮಗೂಗೂ ಏನಾಗಿಲ್ಲ. ಬೇಯಿಸಿದ್ದಕ್ಕೆ ವಿಷ ಹೋಗಿತ್ತಂತೆ.” ನನಗೆ ಸಿಟ್ಟು ಬಂತು. “ಯಾಕ್ ತಿಂದ್ರಿ ನೀವು? ಬುದ್ಧಿ ಇದ್ಯಾ ನಿಮಗೆ? ಸತ್ತೋಗಿದ್ರೆ?”

ಅವರು ಮುಖದ ಮೇಲಿನ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದರು. “ಒಂದ್ಸಲ ನಿನ್ ಮಗುನ ನನ್ ಅಡುಗೆನೇ ನುಂಗ್ತು. ಎರಡನೇ ಸಲನೂ ನುಂಗೋಕೆ ಬಿಟ್ಟು ಹೆಂಗ್ ಕೂರ್ಲಿ?”

“ಯಾರ್ ಹಂಗಂದಿದ್ದು ನಿಮಗೆ?”

“ನೀನೇ ಕಣೆ.”

ಇದನ್ನು ನಾನು ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ಅವರು ಹೆದರುಪುಕ್ಕಿ, ತಮ್ಮಷ್ಟಕ್ಕೆ ತಾವೇ ತಪ್ಪು ಹೊತ್ತುಕೊಂಡರು ಎಂದು ನಿಮಗೂ ಹೇಳಿದೆ, ನನ್ನ ಗಂಡನಿಗೂ ಹಾಗೆಯೇ ನಂಬಿಸಿದ್ದೆ. ನಿಜ ಏನೆಂದರೆ, ಎರಡು ವರ್ಷದ ಹಿಂದೆ ಆಸ್ಪತ್ರೆಯಿಂದ ಬಂದ ಮೂರನೇ ದಿನ ಅವರು ಗಂಜಿ ತಂದಿಟ್ಟಾಗ ನಾನು ಬಟ್ಟಲನ್ನು ತಳ್ಳಿ, “ನಿಮ್ಮ ಕೈಯಡುಗೆ ನನ್ನ ಮಗುನ ನುಂಗ್ತು. ಇನ್ನು ನನ್ನನ್ನೂ ನುಂಗ್ಬೇಕಾ?” ಎಂದಿದ್ದೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ನೆಲ ಒರೆಸಿ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ನಾನು ಆ ಮಾತು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮರೆತಿದ್ದಾರೆ ಅಂದುಕೊಂಡಿದ್ದೆ. ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅದನ್ನು ಆ ಹಾಸಿಗೆಯ ಪಕ್ಕದಲ್ಲಿ ಹೇಳಿದೆ.

“ಅದು ಸುಳ್ಳು ಅತ್ತೆ. ಡಾಕ್ಟ್ರು ಡಿಸ್ಚಾರ್ಜ್ ದಿನ ನಂಗೊಬ್ಳಿಗೇ ಹೇಳಿದ್ರು. ಮಗು ಬೆಳವಣಿಗೆಯಲ್ಲೇ ದೋಷ ಇತ್ತಂತೆ, ಯಾರು ಏನು ತಿಂದ್ರೂ ಬಿಟ್ರೂ ಅದು ಉಳೀತಿರ್ಲಿಲ್ಲ ಅಂತ. ನಿಮ್ಮ ಚಿಗಳಿಯಿಂದ ಅಲ್ಲ, ಯಾವುದ್ರಿಂದಾನೂ ಅಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಹಂಗಂದೆ.”

“ಯಾಕೆ?” ಎಂದರು.

“ದೋಷ ಇದ್ದದ್ದು ನನ್ನ ಹೊಟ್ಟೇಲಿ ಅಂತ ಆಗ್ತಿತ್ತಲ್ಲ. ನಿಮ್ಮ ಮೇಲೆ ಹಾಕಿದ್ರೆ ನನ್ನ ಮೇಲೆ ಇರಲ್ಲ ಅಂತ.”

ಡ್ರಿಪ್ಪಿನ ನಳಿಕೆಯಲ್ಲಿ ಹನಿ ಇಳಿಯುತ್ತಿತ್ತು. ಬೈಯಲಿ, ಅಳಲಿ, ಹೊರಗೆ ಹೋಗು ಅನ್ನಲಿ ಎಂದು ನಾನು ಕಾದೆ. ಅವರು ಮಾಸ್ಕನ್ನು ಮತ್ತೆ ಸ್ವಲ್ಪ ಎತ್ತಿ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು.

“ಮುಂಚೇನೇ ಹೇಳಿದ್ರೆ ನಾನು ಆ ಬೀಜ ತಿಂತಿರ್ಲಿಲ್ಲ ಕಣೆ.”

ಹೇಳಿ ಕಣ್ಣು ಮುಚ್ಚಿದರು. ನಾನು ಅವರ ಮಾಸ್ಕನ್ನು ಸರಿಯಾಗಿ ಕೂರಿಸಿ, ಲೋಹಿತ್ ಔಷಧಿ ತರುವವರೆಗೂ ಅವರ ಕೈ ಹಿಡಿದುಕೊಂಡು ಕೂತಿದ್ದೆ.